ದೂಳಿನ ಮರೆಯ ಉರಿ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ಮೊಳಕಾಲ್ಮುರು ಸೀಮೆಯಲ್ಲಿ ಅದು ಹಗಲಿಗೆ ಮಾತ್ರ ಹೇಳಿದ ಮಾತು. ಮಧ್ಯಾಹ್ನ ಅಂಗಾಲು ಸುಟ್ಟ ಮರಳುನೆಲವೇ ಹೊತ್ತು ಮುಳುಗಿ ಎರಡು ತಾಸಾಗುವಷ್ಟರಲ್ಲಿ ಕಾವನ್ನೆಲ್ಲ ಆಕಾಶಕ್ಕೆ ಒಪ್ಪಿಸಿ ತಣ್ಣಗಾಗಿಬಿಡುತ್ತದೆ. ನಡುರಾತ್ರಿಗೆ ಕಂಬಳಿ ಬೇಕೇ ಬೇಕು. ದೇವಸಮುದ್ರದ ಹೊರಗೆ ಒಂದು ಶೇಂಗಾ ಹೊಲ. ಗಿಡ ಕಿತ್ತು ತಿಂಗಳುಗಳಾಗಿವೆ. ಗೊಬ್ಬರಕ್ಕೆಂದು ತರುಬಿದ ಕುರಿಮಂದೆ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಮಲಗಿದೆ, ನಡುನಡುವೆ ಯಾವುದೋ ಒಂದು ಕೆಮ್ಮುತ್ತದೆ. ಬದುವಿನಾಚೆ ಬಳ್ಳಾರಿ ಜಾಲಿಯ ಪೊದೆಗಳು. ಅವುಗಳಾಚೆ, ಮೊನ್ನೆಯಷ್ಟೇ ಬೆಂಕಿ ಕೊಟ್ಟ ಇಟ್ಟಿಗೆ ಗೂಡು. ಊರ ಗುಡಿಯಲ್ಲಿ ಜಾಗರಣೆಯ ಭಜನೆ ನಡೆದಿದೆ. ಗಾಳಿ ತಿರುಗಿದಾಗ ತಾಳ ಮಾತ್ರ ಕೇಳಿಸುತ್ತದೆ, ಹಾಡು ಕೇಳಿಸುವುದಿಲ್ಲ.

ಉತ್ತರಕ್ಕೆ, ಬಳ್ಳಾರಿಯ ದಿಕ್ಕಿನಲ್ಲಿ ಒಂದು ಮಾಸಲು ಬೆಳಕು. ಉಳಿದ ಮೂರು ದಿಕ್ಕಿಗೂ ಕತ್ತಲೆ ನೆಲದವರೆಗೆ ಇಳಿದಿದೆ. ಮಳೆ ಕೊಡದ ಈ ಆಕಾಶವನ್ನು ರೈತ ವರ್ಷಪೂರ್ತಿ ಬೈಯುತ್ತಾನೆ. ನಕ್ಷತ್ರ ನೋಡುವವನಿಗೆ ಇದಕ್ಕಿಂತ ಒಳ್ಳೆಯ ಆಕಾಶ ಬಯಲುಸೀಮೆಯಲ್ಲಿ ಸಿಗುವುದು ಕಷ್ಟ. ಶಿವರಾತ್ರಿಯಾದ್ದರಿಂದ ಚಂದ್ರನ ಕಾಟವೂ ಇಲ್ಲ, ಅವನು ಬರುವುದು ಬೆಳಗಿನ ಜಾವಕ್ಕೆ. ಜಟಿಂಗ ರಾಮೇಶ್ವರ ಬೆಟ್ಟದ ಮೇಲೂ ಜನ ಇವತ್ತು ಎಚ್ಚರವಾಗಿರುತ್ತಾರೆ. ಅಲ್ಲೊಂದು ಬಂಡೆಗೆ ‘ಬಳೆಗಾರರ ಗುಂಡು’ ಎಂದು ಹೆಸರು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಮಲಾರ ಹರವುತ್ತಿದ್ದರು. ಅವರ ಕಾಲಡಿಯಲ್ಲೇ ಅಶೋಕನ ಶಾಸನವಿತ್ತು, 1892ರಲ್ಲಿ ಬಿ.ಎಲ್. ರೈಸ್ ಬಂದು ಓದುವವರೆಗೆ ಅದು ಬರೀ ಬಂಡೆ. ಕಣ್ಣೆದುರಿಗೆ ಇದ್ದೂ ಕಾಣದೆ ಉಳಿದದ್ದರ ಚರಿತ್ರೆ ಈ ತಾಲ್ಲೂಕಿಗೆ ಹೊಸದಲ್ಲ.

ಹೊಲದ ನಡುವೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ತಮ್ಮ ದೂರದರ್ಶಕ ಹೂಡಿದ್ದಾರೆ. ಎಂಟು ಇಂಚಿನ ಕನ್ನಡಿ, ಕಪ್ಪು ಬಣ್ಣ ಬಳಿದ ಕೊಳವೆ, ಪ್ಲೈವುಡ್ಡಿನ ಪೀಠ. ಕುದಾಪುರದ ಐಐಎಸ್‌ಸಿ ಆವರಣದಲ್ಲಿ ಶಿಕ್ಷಕರಿಗೆ ನಡೆಯುವ ತರಬೇತಿಗೆ ಹೋಗಿ ಬಂದವರು ಇವರು. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊದವರು ಚಂದ್ರನ ಕುಳಿಗಳ ನಕಲು ತೋಡಿ ಲ್ಯಾಂಡರಿನ ಪರೀಕ್ಷೆ ಮಾಡಿದ್ದು, 2023ರ ಏಪ್ರಿಲ್‌ನಿಂದ ಮೂರು ಸಲ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ ಕೆಳಬಿಟ್ಟು ತನ್ನಷ್ಟಕ್ಕೆ ಇಳಿಯುವಂತೆ ಮಾಡಿದ್ದು, ಎಲ್ಲ ಜೊತೆಗೆ ಬಂದಿರುವ ಅವರ ಶಾಲೆಯ ಹುಡುಗರಿಗೆ ಬಾಯಿಪಾಠ. ಮೇಷ್ಟ್ರ ಹಟ ಬೇರೆಯೇ. ಹತ್ತಿರದ ಚಂದ್ರ ಯಾವಾಗಲೂ ಇದ್ದೇ ಇರುತ್ತಾನೆ, ಅವನಿಲ್ಲದ ರಾತ್ರಿ ದೂರದ್ದನ್ನು ನೋಡಿ ಅನ್ನುತ್ತಾರೆ.

ಎಂಟು ಗಂಟೆಗೆ ಅವರು ಕೊಳವೆಯನ್ನು ಪಡುವಣಕ್ಕೆ ತಿರುಗಿಸಿದ್ದರು, ತಿಮಿಂಗಿಲ ಪುಂಜದ ಕಡೆಗೆ. ಕುರಿ ಕಾಯುವ ಹಿರಿಯರೊಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡೇ ಬಂದು ಬಗ್ಗಿದರು.

‘ಏನ್ ಕಾಣ್ತದೆ ಯಜಮಾನ್ರೆ?’

‘ಒಂದ್ ಬೂದಿ ಉಂಡೆ ಕಾಣ್ತದೆ ಮೇಷ್ಟ್ರೆ. ನಡುವೆ ಒಂಚೂರು ಹೊಳೀತದೆ.’

ಸರಿಯಾಗಿಯೇ ನೋಡಿದ್ದರು. ಅದು ಎಂ77, ಪಟ್ಟಿಯ ಇನ್ನೊಂದು ಹೆಸರು ಎನ್‌ಜಿಸಿ 1068. ಸುಮಾರು 4.7 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ. ಹೊಳೆಯುವ ಆ ನಡುವಿನ ಹಿಂದೆ ಸೂರ್ಯನ ಲಕ್ಷಗಟ್ಟಲೆ ಪಟ್ಟು ತೂಕದ ಕಪ್ಪುಕುಳಿಯೊಂದಿದೆ. ಅದರೊಳಕ್ಕೆ ಸುರಿಯುತ್ತಿರುವ ಅನಿಲ ಬೀಳುವ ಮುನ್ನ ಕಾದು ಉರಿಯುತ್ತದೆ. ಆ ಉರಿ ಮಾತ್ರ ನಮಗೆ ನೇರ ಕಾಣುವುದಿಲ್ಲ. ಸುತ್ತ ದಪ್ಪ ಬಳೆಯಾಕಾರದಲ್ಲಿ ದೂಳೂ ಅನಿಲವೂ ಕವಿದಿವೆ, ನಾವಿರುವುದು ಆ ಬಳೆಯ ಅಂಚಿನ ನೇರಕ್ಕೆ. ಇದೇ ಬಗೆಯ ಉರಿ ಇನ್ನೂ ಸಾವಿರ ಪಟ್ಟು ಜೋರಾಗಿದ್ದು, ಇನ್ನೂ ಎಷ್ಟೋ ದೂರದಲ್ಲಿದ್ದರೆ ಅದಕ್ಕೆ ಕ್ವೇಸಾರ್ ಎನ್ನುತ್ತಾರೆ.

‘ಕಾಣಲ್ಲ ಅಂದ್ಮೇಲೆ ಐತೆ ಅಂತ ಹೆಂಗೇಳ್ತೀರಿ?’ ಎಂದರು ಹಿರಿಯರು. ಗದರಿಕೆಯಿಲ್ಲ, ಬೆಲೆ ಕೇಳುವ ದನಿ.

ಮೇಷ್ಟ್ರು ಉತ್ತರ ಹೇಳಲಿಲ್ಲ. ಬ್ಯಾಟರಿ ಹಿಡಿದು ಬದು ದಾಟಿ ಇಟ್ಟಿಗೆ ಗೂಡಿನ ಕಡೆ ನಡೆದರು, ಹಿಂದೆ ನಾವೆಲ್ಲ. ಗೂಡಿಗೆ ಸುತ್ತಲೂ ಮಣ್ಣು ಮೆತ್ತಿದ್ದರು. ಬ್ಯಾಟರಿ ಆರಿಸಿದ ಮೇಲೆ ಅದು ಕತ್ತಲಲ್ಲಿ ಇನ್ನಷ್ಟು ದಟ್ಟ ಕತ್ತಲೆಯ ಗುಡ್ಡೆ, ಅಷ್ಟೇ. ಬೆಂಕಿಯ ಗುರುತಿಲ್ಲ. ಗೋಡೆಯಿಂದ ಒಂದು ಮೊಳ ದೂರ ಅಂಗೈ ಒಡ್ಡಿದರೆ ಮಾತ್ರ ಸೆಕೆ ಮುಖಕ್ಕೇ ಹೊಡೆಯುತ್ತದೆ. ಒಳಗಿನ ಉರಿ ಬೆಳಕಾಗಿ ಹೊರಬರಲಾರದು, ಮಣ್ಣು ಅದನ್ನು ನುಂಗಿದೆ; ನುಂಗಿದ್ದನ್ನು ಇಟ್ಟುಕೊಳ್ಳಲಾಗದೆ ಶಾಖವಾಗಿ ಕಕ್ಕುತ್ತಿದೆ. ಒಂದು ಕಡೆ ಮೆತ್ತಿಗೆ ಬಿರಿದ ಸಂದಿಯಲ್ಲಿ ಕೂದಲೆಳೆಯಷ್ಟು ಕೆಂಪು. ‘ಇಷ್ಟೇ ವಿಷ್ಯ’ ಎಂದರು ಮೇಷ್ಟ್ರು.

ಇಷ್ಟೇ ವಿಷಯ, ಆದರೆ ಇಷ್ಟನ್ನು ಆಕಾಶದಲ್ಲಿ ಸಾಧಿಸಿ ತೋರಿಸಲು ಒಂದು ತಲೆಮಾರು ಹಿಡಿಯಿತು. ಕಾರಣ, ಒಂದೇ ಕಣ್ಣಿಗೆ ಈ ಗೂಡು ಪೂರ್ತಿ ಕಾಣುವುದಿಲ್ಲ.

ಮೊದಲು ಸೋರಿದ ಬೆಳಕಿನ ಕಥೆ. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಎಂಬಿಬ್ಬರು ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಿಂದ ಇದೇ ಎನ್‌ಜಿಸಿ 1068ರ ಬೆಳಕನ್ನು ಹಿಡಿದು, ಅದರಲ್ಲಿ ಧ್ರುವೀಕರಣಗೊಂಡ ಪಾಲನ್ನಷ್ಟೇ ಬೇರ್ಪಡಿಸಿದರು. ಎಲ್ಲಾದರೂ ತಾಗಿ ಚದುರಿ ಬಂದ ಬೆಳಕು ಒಂದು ದಿಕ್ಕಿಗೆ ಓಲಾಡುತ್ತದೆ. ನೇರ ಬಂದದ್ದಕ್ಕೆ ಆ ಹಂಗಿಲ್ಲ. ಸೋಸಿದ ಆ ಸಣ್ಣ ಪಾಲಿನಲ್ಲಿ, ಮಾಮೂಲಿ ಬೆಳಕಿನಲ್ಲಿ ಕಾಣದಿದ್ದ ಅಗಲವಾದ ರೋಹಿತ ರೇಖೆಗಳು ಎದ್ದು ಬಂದವು. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಕಪ್ಪುಕುಳಿಯ ಸುತ್ತ ಸುತ್ತುವ ಅನಿಲದ ಗುರುತು ಅದು. ದೂಳಿನ ಬಳೆಯ ಮೇಲ್ಬಾಯಿಯಿಂದ ಎದ್ದ ಬೆಳಕು ಮೇಲಿದ್ದ ಇಲೆಕ್ಟ್ರಾನುಗಳಿಗೆ ತಾಗಿ ನಮ್ಮ ಕಡೆ ಚದುರಿತ್ತು. ಒಳಗಿನದನ್ನು ಯಾರೂ ಇಣುಕಿ ನೋಡಲಿಲ್ಲ, ಮೇಲಿನ ಪ್ರತಿಬಿಂಬವನ್ನು ನೋಡಿದರು. ಬೇರೆ ಬೇರೆ ಜಾತಿಯೆಂದು ಪಟ್ಟಿ ಮಾಡಿಟ್ಟಿದ್ದ ಎರಡು ಬಗೆಯ ಗ್ಯಾಲಕ್ಸಿ ನಡುಗಳು ಒಂದೇ ವಸ್ತುವನ್ನು ಎರಡು ಕೋನದಿಂದ ನೋಡಿದ್ದು ಎಂಬ ವಾದ ಗಟ್ಟಿಯಾಗಿ ನಿಂತದ್ದು ಅಲ್ಲಿಂದ.

ಇದರಿಂದ ಹುಟ್ಟಿದ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ: ನಡುವೆ ಕಪ್ಪು ಚುಕ್ಕೆ, ಸುತ್ತ ನುಣುಪಾದ ಬಳೆ, ಮೇಲೆ ಕೆಳಗೆ ಎರಡು ಶಂಕು. ನನಗೆ ಆ ಚಿತ್ರದ ಮೇಲೆ ಒಂದು ಅಸಮಾಧಾನ. ಅಷ್ಟು ನುಣುಪು ಅದಕ್ಕಿಲ್ಲ. 2014ರಲ್ಲಿ ನಾಸಾದ ನುಸ್ಟಾರ್ ಎಂಬ ಉಪಗ್ರಹ ಇದೇ ಗ್ಯಾಲಕ್ಸಿಯನ್ನು ನೋಡುತ್ತಿದ್ದಾಗ ಗಡಸು ಎಕ್ಸ್‌ಕಿರಣ ಇದ್ದಕ್ಕಿದ್ದಂತೆ ಏರಿ, ಮತ್ತೆ ಇಳಿಯಿತು. ಮರೆಯ ಮೋಡಗಳ ನಡುವೆ ಒಂದು ಸಂದಿ ಹಾದುಹೋಗಿತ್ತು. ಮೆತ್ತಿಗೆ ಬಿರಿದಿತ್ತು ಅನ್ನಿ. ಹಾಗಾದರೆ ಆ ಬಳೆ ಒಂದೇ ಎರಕದ್ದಲ್ಲ. ಚದುರಿದ, ಚಲಿಸುವ, ದಪ್ಪ ತೆಳ್ಳಗಾಗುವ ಮೋಡಗಳ ಗುಂಪು.

ಗಡಸು ಎಕ್ಸ್‌ಕಿರಣ ಎಂದರೆ ಹೆಚ್ಚು ಚೈತನ್ಯದ, ತಡೆಯನ್ನು ತೂರಿ ಬರಬಲ್ಲ ಕಿರಣ. ಎಷ್ಟು ತಡೆ? ಖಗೋಳದವರು ‘ಕಾಂಪ್ಟನ್ ದಪ್ಪ’ ಎನ್ನುವ ಮರೆಯ ಲೆಕ್ಕ ಕೇಳಿದರೆ ಮೊದಲು ನಂಬುವುದು ಕಷ್ಟ. ನಮ್ಮ ದೃಷ್ಟಿಯ ನೇರದಲ್ಲಿ ಒಂದು ಚದರ ಸೆಂಟಿಮೀಟರಿಗೆ ಹೈಡ್ರೊಜನ್ ಪರಮಾಣುಗಳು ಒಂದರ ಮುಂದೆ 24 ಸೊನ್ನೆ ಹಾಕಿ, ಅದರ ಒಂದೂವರೆ ಪಟ್ಟು ಇದ್ದರೆ ಆ ದರ್ಜೆ. ತೂಗಿದರೆ ಸುಮಾರು ಎರಡೂವರೆ ಗ್ರಾಂ. ಅಂದರೆ ಒಂದು ಅಂಗುಲ ಆಳದ ನೀರು! ಜ್ಯೋತಿರ್ವರ್ಷಗಟ್ಟಲೆ ಹರಡಿದ ಆ ಗೋಡೆಯನ್ನೆಲ್ಲ ಒತ್ತಿ ಹಿಂಡಿದರೆ ಬೆರಳ ಗೆಣ್ಣು ಮುಳುಗುವಷ್ಟು. ಅಷ್ಟಕ್ಕೇ ಮೃದು ಎಕ್ಸ್‌ಕಿರಣ ನಿಂತುಬಿಡುತ್ತದೆ; ಅದರೊಂದಿಗೆ ಬೆರೆತ, ಮೈಕ್ರಾನಿಗಿಂತ ಸಣ್ಣ ಸಿಲಿಕೇಟು, ಇಂಗಾಲದ ಕಣಗಳು ಕಣ್ಣಿಗೆ ಕಾಣುವ ಬೆಳಕನ್ನು ಪೂರ್ತಿ ಕುಡಿದುಬಿಡುತ್ತವೆ.

ಒಂಬತ್ತೂವರೆಗೆ ತಿಮಿಂಗಿಲ ಪುಂಜ ಜಾಲಿಯ ತಲೆಗೆ ಇಳಿಯಿತು. ಮೇಷ್ಟ್ರು ಕೊಳವೆಯನ್ನು ಮೇಲೆತ್ತಿ ರೋಹಿಣಿಗೆ ಹಿಡಿದರು. ಕಿತ್ತಳೆ ಬಣ್ಣದ ಈ ಚುಕ್ಕೆಯನ್ನು ಇಲ್ಲಿ ಯಾರಿಗೂ ಪರಿಚಯಿಸಬೇಕಿಲ್ಲ. ರೋಹಿಣಿ ಮಳೆ ಬಂತೋ ಇಲ್ಲವೋ ಎಂಬುದರ ಮೇಲೆ ಆ ವರ್ಷದ ಹೊಲದ ಹದ ನಿಂತಿದೆ. ರೋಹಿಣಿ ನಡೆದ ಜಾಡಿನಲ್ಲೇ, ಸುಮಾರು ಅರ್ಧ ಗಂಟೆ ಹಿಂದೆ, ಕಣ್ಣಿಗೂ ಈ ಎಂಟು ಇಂಚಿಗೂ ಏನೂ ಅಲ್ಲದ ಒಂದು ಬಿಂದು ಬರುತ್ತದೆ. ಹೆಸರು ಎಚ್ 0507+164. ಆ ಅಂಕಿಗಳು ಅದರ ಮನೆ ನಂಬರು, ಆಕಾಶದಲ್ಲಿ ಎಲ್ಲಿದೆಯೆಂಬ ವಿಳಾಸ. ಕ್ವೇಸಾರಿನ ಸಣ್ಣ ದಾಯಾದಿ ಅದು. ಬಳೆಯ ಓರೆಯಿಂದ ನೋಡುವುದರಿಂದ ಒಳಗಿನ ಉರಿ ನಮಗೆ ಅಷ್ಟಿಷ್ಟು ಕಾಣುತ್ತದೆ.

ಇದರ ಕಥೆ ನಡೆದದ್ದು ನಮ್ಮ ಹೊಸಕೋಟೆಯಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಹೊಸಕೋಟೆಯ ಬಳಿ ಒಂದು ಕೇಂದ್ರವಿದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಉಪಗ್ರಹದ ಕೊಂಡಿಯ ಮೂಲಕ ಲಡಾಖಿನ ಹಾನ್ಲೆಯ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ತಿರುಗಿಸುತ್ತಾರೆ. ಹೊರಗೆ ಹೆದ್ದಾರಿಯಲ್ಲಿ ಲಾರಿ ಹೋಗುತ್ತಿರುತ್ತದೆ; ಅವರು ನೋಡುತ್ತಿರುವುದು 4,500 ಮೀಟರ್ ಎತ್ತರದ, ಗಾಳಿಯಲ್ಲಿ ತೇವವೇ ಇಲ್ಲದ ಬೆಟ್ಟದ ಮೇಲಿನ ಆಕಾಶ. ಅವಕೆಂಪು ಬೆಳಕಿಗೆ ತೇವವೇ ಶತ್ರು, ಅದಕ್ಕೇ ಅಷ್ಟು ದೂರ ಹೋದದ್ದು. ಆ ಸಂಸ್ಥೆಯ ತಂಡವೊಂದು ತಿಂಗಳುಗಳ ಕಾಲ ಎಚ್ 0507+164ನ್ನು ಕಾಣುವ ಬೆಳಕಿನಲ್ಲೂ ಅವಕೆಂಪಿನಲ್ಲೂ ಹಿಡಿದು ನೋಡುತ್ತ ಹೋಯಿತು. ಕಪ್ಪುಕುಳಿಯ ಪಕ್ಕದ ಉರಿ ಒಂದೇ ಸಮ ಇರುವುದಿಲ್ಲ, ಏರುತ್ತದೆ, ಕುಗ್ಗುತ್ತದೆ. ಕಾಣುವ ಬೆಳಕು ಏರಿದ ಸುಮಾರು 35 ದಿನಕ್ಕೆ ಅವಕೆಂಪೂ ಏರಿತು. ಒಳಗಿನ ಉರಿಯ ಸುದ್ದಿ ದೂಳಿಗೆ ಮುಟ್ಟಿ, ದೂಳು ಕಾದು ಹೊಳೆಯಲು ತೆಗೆದುಕೊಂಡ ಹೊತ್ತು ಅದು. ಬೆಳಕು 35 ದಿನ ನಡೆಯುವ ದೂರದಲ್ಲಿ ದೂಳಿನ ಒಳಗೋಡೆ ಇದೆ ಎಂದಾಯಿತು. ಭೂಮಿ ಸೂರ್ಯರ ಅಂತರದ ಆರು ಸಾವಿರ ಪಟ್ಟು ಹೆಚ್ಚುಕಡಿಮೆ.

ಜಗತ್ತಿನ ಯಾವ ಸಾಮಾನ್ಯ ದೂರದರ್ಶಕಕ್ಕೂ ಅದು ಬರೀ ಒಂದು ಬಿಂದು. ಬಿಂದುವಿನ ಅಗಲ ಅಳೆಯುವ ಸ್ಕೇಲಿಲ್ಲ. ಆದ್ದರಿಂದ ಕ್ಯಾಲೆಂಡರಿನಿಂದ ಅಳೆದರು. ಇದರ ಹಿಂದಿನ ತಾಳ್ಮೆಯನ್ನು ನಾನು ಯಾವ ದೊಡ್ಡ ಯಂತ್ರಕ್ಕಿಂತಲೂ ಹೆಚ್ಚು ಮೆಚ್ಚುತ್ತೇನೆ. ಒಳಗೋಡೆ ಅಲ್ಲೇ ಏಕೆ ನಿಂತಿತು ಎಂಬುದಕ್ಕೂ ಕಾರಣವಿದೆ: ಸುಮಾರು 1,500 ಕೆಲ್ವಿನ್ ದಾಟಿದರೆ ದೂಳಿನ ಕಣವೇ ಆವಿಯಾಗುತ್ತದೆ. ಅದಕ್ಕಿಂತ ಹತ್ತಿರ ದೂಳು ಬದುಕದು. ಉರಿ ಜೋರಾದಷ್ಟೂ ಗೋಡೆ ಹಿಂದೆ ಸರಿಯುತ್ತದೆ.

ಹತ್ತಿರದ್ದಕ್ಕೆ ಈ ಉಪಾಯ ಸಾಕು. ದೂರ ಹೋದಂತೆ ಲೆಕ್ಕ ತಿರುವುಮುರುವಾಗುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ದೂರದಿಂದ ಬರುವ ಬೆಳಕಿನ ಅಲೆಯೂ ಹಿಗ್ಗುತ್ತದೆ. ಬಹುದೂರದ ಕ್ವೇಸಾರಿನಿಂದ ನಮಗೆ ಕಾಣುವ ಬೆಳಕಾಗಿ ತಲುಪುವುದು ಅಲ್ಲಿ ಅತಿನೇರಳೆಯಾಗಿ ಹೊರಟದ್ದು, ದೂಳಿಗೆ ತುಂಬ ಇಷ್ಟವಾದ ಆಹಾರ ಅದೇ. ಹಾಗಾಗಿ ಮರೆಯ ಕ್ವೇಸಾರು ದೂರವಾದಷ್ಟೂ ಮಾಮೂಲಿ ದೂರದರ್ಶಕಕ್ಕೆ ಇನ್ನೂ ಕಪ್ಪು. ಎಕ್ಸ್‌ಕಿರಣದಲ್ಲಿ ಇದರ ಉಲ್ಟಾ. ಅಲ್ಲಿ ತಡೆ ತೂರಿ ಬಂದ ಗಡಸು ಕಿರಣ ದಾರಿಯಲ್ಲಿ ಹಿಗ್ಗಿ, ಚಂದ್ರ ಎಂಬ ಎಕ್ಸ್‌ಕಿರಣ ಉಪಗ್ರಹ ಸುಲಭವಾಗಿ ಹಿಡಿಯುವ ಮಟ್ಟಕ್ಕೆ ಇಳಿದು ಬರುತ್ತದೆ. ಹತ್ತಿರದಲ್ಲಿದ್ದಿದ್ದರೆ ಕಷ್ಟವಾಗುತ್ತಿತ್ತು, ದೂರವಿದ್ದದ್ದೇ ಅನುಕೂಲವಾಯಿತು! ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರಿನ ಆ ಉಪಗ್ರಹ ದಕ್ಷಿಣಾಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ಸಣ್ಣ ತುಂಡೊಂದನ್ನು ವರ್ಷಗಳುದ್ದಕ್ಕೆ ಕಂತು ಕಂತಾಗಿ ಒಟ್ಟು 70 ಲಕ್ಷ ಸೆಕೆಂಡು ದಿಟ್ಟಿಸಿತು. ಸಿಕ್ಕಿದ್ದು ಸಾವಿರದಷ್ಟು ಬಿಂದುಗಳು, ಬಹುಪಾಲು ಉಣ್ಣುತ್ತಿರುವ ಕಪ್ಪುಕುಳಿಗಳು. ಅವುಗಳಲ್ಲೊಂದು, 202ನೆಯ ನಂಬರಿನದು, ಅಷ್ಟು ದೂರದ ಮರೆಯ ಕ್ವೇಸಾರಿಗೆ ಮಾದರಿಯೆಂದು 2002ರಲ್ಲೇ ಹೆಸರು ಮಾಡಿತ್ತು.

ಎಕ್ಸ್‌ಕಿರಣದ ಕಡೆಯಿಂದ ಇನ್ನೊಂದು ಒತ್ತಾಯವೂ ಇತ್ತು. 1962ರ ಜೂನ್‌ನಲ್ಲಿ ಜಿಯಾಕೋನಿ ತಂಡ ರಾಕೆಟ್ಟೊಂದನ್ನು ಕೆಲವು ನಿಮಿಷ ಹಾರಿಸಿದಾಗ ಆಕಾಶದ ಯಾವ ಮೂಲೆಗೆ ತಿರುಗಿದರೂ ಎಕ್ಸ್‌ಕಿರಣದ ಒಂದು ಮಂದ ಹೊಳಪು ಕಂಡಿತು. ಅದು ಯಾರದು? ಆ ಹೊಳಪು 30 ಕಿಲೊ ಇಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ಅತಿ ಹೆಚ್ಚು. ಮರೆಯಿಲ್ಲದ ಕ್ವೇಸಾರುಗಳನ್ನಷ್ಟೇ ಕೂಡಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಮರೆಯಲ್ಲಿ ಉರಿಯುವವು ಬಹಳ ಇರಲೇಬೇಕು, ಕಾಣುವವಕ್ಕಿಂತ ಹೆಚ್ಚೇ ಇರಬೇಕು ಎಂಬುದು ಮೊದಲು ಜಮಾಖರ್ಚಿನಿಂದ ಗೊತ್ತಾಯಿತು. ಮುಖ ಕಂಡದ್ದು ಆಮೇಲೆ.

ಈ ಕೆಲಸದಲ್ಲಿ ನಮ್ಮ ಆಸ್ಟ್ರೊಸ್ಯಾಟ್ ಏನು ಮಾಡುತ್ತದೆ ಎಂದು ಹುಡುಗಿಯೊಬ್ಬಳು ಕೇಳಿದಳು. 2015ರ ಸೆಪ್ಟೆಂಬರ್ 28ರಂದು ಹಾರಿದ ಆ ಉಪಗ್ರಹದ ಅತಿನೇರಳೆ ದೂರದರ್ಶಕ ಜೋಡಣೆಯಾದದ್ದೂ ಹೊಸಕೋಟೆಯಲ್ಲೇ. ಮೇಷ್ಟ್ರು ಮುಚ್ಚುಮರೆಯಿಲ್ಲದೆ ಹೇಳಿದರು: ದೂಳು ಕವಿದದ್ದಕ್ಕೆ ಅತಿನೇರಳೆ ಕಣ್ಣು ಉಪಯೋಗಕ್ಕಿಲ್ಲ ತಾಯಿ, ಅದು ಕುರುಡು. ಆದರೆ ಒಂದೇ ಜಾಗ ಅವಕೆಂಪಿನಲ್ಲಿ ಧಗಧಗಿಸುತ್ತ, ಅತಿನೇರಳೆಯಲ್ಲಿ ಏನೂ ಇಲ್ಲದೆ ಇದ್ದರೆ, ಆ ‘ಏನೂ ಇಲ್ಲ’ವೂ ಒಂದು ಅಳತೆ. ಎಷ್ಟು ನುಂಗಿದೆ ಎಂದು ಹೇಳುವುದು ಅದೇ.

ಅವಕೆಂಪಿನಲ್ಲಿ ಧಗಧಗಿಸುವುದಕ್ಕೆ ಹೆಸರಾದದ್ದು ಡಬ್ಲ್ಯೂ2246-0526. 2009ರ ಡಿಸೆಂಬರ್‌ನಲ್ಲಿ ನಾಸಾ ಹಾರಿಸಿದ ವೈಸ್ ಉಪಗ್ರಹ ಇಡೀ ಆಕಾಶವನ್ನು ಅವಕೆಂಪಿನಲ್ಲಿ ಗುಡಿಸಿತು. ಅದರ ಕನ್ನಡಿ ಕೇವಲ 40 ಸೆಂಟಿಮೀಟರ್; ಈ ಹೊಲದಲ್ಲಿ ನಿಂತಿರುವುದರ ಎರಡರಷ್ಟು ಅಗಲ, ಅಷ್ಟೇ. ಕೋಟಿಗಟ್ಟಲೆ ಬಿಂದುಗಳಲ್ಲಿ ಸಾವಿರದಷ್ಟು ಮಾತ್ರ ವಿಚಿತ್ರವಾಗಿದ್ದವು: ಸಣ್ಣ ಅಲೆಯಲ್ಲಿ ಸುಳಿವೇ ಇಲ್ಲ, ಉದ್ದ ಅಲೆಯಲ್ಲಿ ಭಾರಿ ಹೊಳಪು. ಮಾಮೂಲಿ ದೂಳು ಗ್ಯಾಲಕ್ಸಿಗಿಂತ ಇವುಗಳ ದೂಳು ದುಪ್ಪಟ್ಟು ಬಿಸಿ. ಆ ಗುಂಪಿನ ಇದೊಂದರ ಪ್ರಕಾಶ ಸೂರ್ಯನ 350 ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ಎಂದು 2015ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿವರೆಗೆ ತಿಳಿದ ಗ್ಯಾಲಕ್ಸಿಗಳಲ್ಲೆಲ್ಲ ಅತ್ಯಂತ ಪ್ರಖರವಾದದ್ದು ಇದೇ ಆಯಿತು. ಅದರ ಬೆಳಕು ಹೊರಟು 1,240 ಕೋಟಿ ವರ್ಷ. ಚಿಲಿಯ ಅಟಕಾಮ ಮರುಭೂಮಿಯ 66 ತಟ್ಟೆಗಳ ಆಲ್ಮಾ ದೂರದರ್ಶಕ ಮಿಲಿಮೀಟರ್ ಅಲೆಯಲ್ಲಿ ನೋಡಿ, ಅಕ್ಕಪಕ್ಕದ ಮೂರು ಸಣ್ಣ ಗ್ಯಾಲಕ್ಸಿಗಳಿಂದ ದೂಳಿನ ಎಳೆಗಳು ಅದರೊಳಕ್ಕೆ ಸೆಳೆದುಹೋಗುತ್ತಿವೆ ಎಂದು 2018ರಲ್ಲಿ ತೋರಿಸಿತು. ಮರೆಗೆ ಬೇಕಾದ ಸಾಮಗ್ರಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅಲ್ಲೊಂದು ಉತ್ತರವಿತ್ತು: ಅದು ನೆರೆಯವರದು.

‘ಅದನ್ನ ತೋರ್ಸಿ ಸಾರ್’ ಎಂದರು ಹುಡುಗರು.

‘ಅದಿರೋದು ಕುಂಭ ರಾಶೀಲಿ. ಈಗ ಸೂರ್ಯನೂ ಅಲ್ಲೇ ಇದ್ದಾನೆ, ಸಾಯಂಕಾಲ ಅವನ ಜೊತೇನೇ ಮುಳುಗ್ತು’ ಎಂದರು ಮೇಷ್ಟ್ರು. ದೂಳಿನ ಹಿಂದಿರುವುದಕ್ಕೆ ಶಿವರಾತ್ರಿ ಮಾಸದಲ್ಲಿ ಸೂರ್ಯನ ಮರೆಯೂ ಸೇರುತ್ತದೆ.

ನಡುರಾತ್ರಿ ಹೊತ್ತಿಗೆ ಗುಡಿಯಿಂದ ಪಾನಕ, ಕೋಸಂಬರಿ ಬಂತು. ಹಿರಿಯರು ಉಪವಾಸ, ಪಾನಕ ಮಾತ್ರ ಕುಡಿದರು. ಪೂರ್ವದಲ್ಲಿ ಕನ್ಯಾ ರಾಶಿ ಮೇಲೇರಿತ್ತು, ಇವತ್ತಿನ ನಿಜವಾದ ಬೇಟೆ ಅಲ್ಲಿ. 3ಸಿ 273. ಮರೆಯಿಲ್ಲದ ಕ್ವೇಸಾರ್, ಎಂಟು ಇಂಚಿಗೂ ದಕ್ಕುವಂಥದ್ದು.

ಇದನ್ನು ಪತ್ತೆ ಮಾಡಿಸಿದ್ದು ರೇಡಿಯೊ ಅಲೆ, ಸಹಾಯಕ್ಕೆ ನಿಂತದ್ದು ಚಂದ್ರ. ರೇಡಿಯೊ ಅಲೆಗೆ ದೂಳು ಲೆಕ್ಕಕ್ಕಿಲ್ಲ; ಮೈಕ್ರಾನಿನ ಕಣ ಮೀಟರಿನ ಅಲೆಯನ್ನು ಏನು ತಡೆದೀತು? ಆದರೆ ಆ ಕಾಲದ ರೇಡಿಯೊ ದೂರದರ್ಶಕಕ್ಕೆ ಜಾಗ ನಿಖರವಾಗಿ ತಿಳಿಯುತ್ತಿರಲಿಲ್ಲ. 1962ರ ಆಗಸ್ಟ್ 5ರಂದು ಚಂದ್ರ ಆ ಮೂಲವನ್ನು ಮರೆಮಾಡಿದಾಗ ಆಸ್ಟ್ರೇಲಿಯದ ಪಾರ್ಕ್ಸ್‌ನಲ್ಲಿ ಸಿರಿಲ್ ಹಜಾರ್ಡ್ ಮತ್ತು ಸಂಗಡಿಗರು ಸದ್ದು ನಿಂತ ಕ್ಷಣ, ಮರಳಿದ ಕ್ಷಣ ಗುರುತು ಹಾಕಿಕೊಂಡರು. ಚಂದ್ರನ ಅಂಚು ಆ ಕ್ಷಣ ಎಲ್ಲಿತ್ತೆಂಬುದು ಗೊತ್ತು, ಆದ್ದರಿಂದ ಮೂಲ ಎಲ್ಲಿದೆಯೆಂಬುದೂ ಗೊತ್ತಾಯಿತು. ಮರುವರ್ಷ ಮಾರ್ಟೆನ್ ಶ್ಮಿಟ್ ಅದರ ರೋಹಿತ ಬಿಡಿಸಿ, ನಕ್ಷತ್ರವೆಂದುಕೊಂಡದ್ದು ಸುಮಾರು 200 ಕೋಟಿ ವರ್ಷ ಹಳೆಯ ಬೆಳಕು ಎಂದು ತೋರಿಸಿದರು. ಮರೆ ಮಾಡಿಯೇ ಜಾಗ ಹಿಡಿಯುವ ಈ ಉಪಾಯವನ್ನು ಗೋವಿಂದ ಸ್ವರೂಪರು ನೀಲಗಿರಿಗೆ ತಂದರು ಎಂದರು ಮೇಷ್ಟ್ರು. ಊಟಿ ಬಳಿಯ ಮುತ್ತೊರೈಯಲ್ಲಿ, ಬಡಗರ ಹಟ್ಟಿಗಳ ನಡುವೆ, 530 ಮೀಟರ್ ಉದ್ದದ ಅವರ ರೇಡಿಯೊ ದೂರದರ್ಶಕ 1970ರಿಂದ ಕೆಲಸ ಮಾಡುತ್ತಿದೆ. ಬೆಟ್ಟದ ಇಳಿಜಾರೂ ಊಟಿಯ ಅಕ್ಷಾಂಶವೂ ಸುಮಾರು 11 ಡಿಗ್ರಿ; ಹಾಗಾಗಿ ಇಳಿಜಾರಿನ ಮೇಲೆ ಮಲಗಿಸಿದ ಕೂಡಲೇ ಅದು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿಬಿಟ್ಟಿತು. ಒಂದೇ ಅಚ್ಚಿನ ಮೇಲೆ ತಿರುಗಿಸುತ್ತ ಒಂದು ಮೂಲವನ್ನು ತಾಸುಗಟ್ಟಲೆ ಹಿಂಬಾಲಿಸಬಹುದು.

ಹಾಗೆಂದು ರೇಡಿಯೊವನ್ನೇ ನಂಬಿ ಕೂರುವಂತಿಲ್ಲ. ಹತ್ತು ಕ್ವೇಸಾರಿನಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ರೇಡಿಯೊದಲ್ಲಿ ಜೋರು ದನಿ. ಮಿಕ್ಕವು ಪಿಸುಗುಡುತ್ತವೆ.

ಇದಕ್ಕೆಲ್ಲ ಮೀರಿದ ಒಂದು ದೂತ ಇದೆ, ಬೆಳಕೇ ಅಲ್ಲದ್ದು. ಅದಕ್ಕೆ ದೂಳೂ ಇಲ್ಲ, ಗೋಡೆಯೂ ಇಲ್ಲ, ಇಡೀ ಭೂಮಿಯೂ ಇಲ್ಲ. ನ್ಯೂಟ್ರಿನೊ. ಭೂಮಿಯ ಆಳಕ್ಕಿಳಿದು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಜಾಡನ್ನು ಮೊದಲು ಹಿಡಿದವರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯವರಿದ್ದಾರೆ. 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನವರ ಜೊತೆ ಅದನ್ನು ಮಾಡಿದರು. ಆ ತಂಡದಲ್ಲಿ ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಇದ್ದರು, ಮುಂದೆ ಬಲೂನು ಹಾರಿಸಿ ಈ ದೇಶದಲ್ಲಿ ಎಕ್ಸ್‌ಕಿರಣ ಖಗೋಳವನ್ನು ಬೆಳೆಸಿದವರಲ್ಲೂ ಅವರೊಬ್ಬರು. ಗಣಿ 2001ರಲ್ಲಿ ಮುಚ್ಚಿತು. 2022ರ ನವೆಂಬರ್‌ನಲ್ಲಿ ದಕ್ಷಿಣ ಧ್ರುವದ ಹಿಮದಲ್ಲಿ ಒಂದು ಘನ ಕಿಲೋಮೀಟರ್ ಹರಡಿದ ಐಸ್‌ಕ್ಯೂಬ್, ವರ್ಷಗಳ ದಾಖಲೆ ಸೋಸಿ, ಒಂದೇ ಗ್ಯಾಲಕ್ಸಿಯ ದಿಕ್ಕಿನಿಂದ ಸುಮಾರು 79 ನ್ಯೂಟ್ರಿನೊ ಹೆಚ್ಚುವರಿಯಾಗಿ ಬಂದಿವೆ ಎಂದು ಪ್ರಕಟಿಸಿತು. ಗ್ಯಾಲಕ್ಸಿ ಯಾವುದೆಂದರೆ, ಹಿರಿಯರು ಸಂಜೆ ನೋಡಿದ ‘ಬೂದಿ ಉಂಡೆ’. ಅದೇ ಎನ್‌ಜಿಸಿ 1068. ಅಂಥ ಚೈತನ್ಯದ ಗಾಮಾ ಕಿರಣ ಅಲ್ಲಿಂದ ಬಂದಿರಲಿಲ್ಲ. ಕಪ್ಪುಕುಳಿಯ ಪಕ್ಕದ ದಟ್ಟಣೆ ಅದನ್ನು ಒಳಗೇ ಇಟ್ಟುಕೊಂಡಿತ್ತು.

ಹನ್ನೆರಡೂವರೆಗೆ ಮೇಷ್ಟ್ರು ನಕ್ಷೆ ನೋಡಿ, ಚುಕ್ಕೆಯಿಂದ ಚುಕ್ಕೆಗೆ ಜಿಗಿದು, 3ಸಿ 273ನ್ನು ನಡುವಿಗೆ ತಂದು ನಿಲ್ಲಿಸಿದರು. ಸಾಲು ನಿಂತಿತು. ನೋಡಿದವರ ಮುಖದಲ್ಲಿ ಬೆರಗಿಗಿಂತ ಅನುಮಾನವೇ ಹೆಚ್ಚು: ನೀಲಿ ಛಾಯೆಯ ಒಂದು ಮಂಕು ಚುಕ್ಕೆ, ಪಕ್ಕದ ನಕ್ಷತ್ರಗಳಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಆ ವ್ಯತ್ಯಾಸವಿಲ್ಲದಿರುವುದೇ ಒಂದು ಕಾಲಕ್ಕೆ ಜಗತ್ತನ್ನು ಏಮಾರಿಸಿದ್ದು. ಹಿರಿಯರು ತುಂಬ ಹೊತ್ತು ಬಗ್ಗಿದ್ದರು.

‘ಇಂಥವು ಜಾಸ್ತಿ ಅವೋ, ಮರೇಲಿರೋವು ಜಾಸ್ತಿ ಅವೋ?’

‘ಮರೇಲಿರೋವೇ ಜಾಸ್ತಿ ಯಜಮಾನ್ರೆ.’

‘ಹಂಗಾರೆ ನೀವು ನಂಗೆ ತೋರ್ಸಿದ್ದು ಮಂದೆ ಬಿಟ್ಟು ಬಂದ ಕುರಿ.’

ಹುಡುಗರು ನಕ್ಕರು. ನಗುವ ಮಾತಾದರೂ ಈ ಶಾಸ್ತ್ರದ ಅರ್ಧ ಶತಮಾನದ ಪೇಚು ಅದರಲ್ಲಿದೆ. ಕಾಣುವ ಕ್ವೇಸಾರುಗಳನ್ನು ಎಣಿಸಿ, ಅಳೆದು, ಅವೇ ಎಲ್ಲವೆಂದು ಕಪ್ಪುಕುಳಿಗಳ ಬೆಳವಣಿಗೆಯ ಚರಿತ್ರೆ ಬರೆದಿದ್ದರು. 2003ರಲ್ಲಿ ಸ್ಲೋನ್ ಸಮೀಕ್ಷೆಯ ರೋಹಿತಗಳನ್ನು ಜಾಲಿಸಿದಾಗ, ನಡು ಮರೆಯಾಗಿದ್ದರೂ ಬಳೆಯ ಬಾಯಿಯಿಂದ ಹಸಿರು ಆಮ್ಲಜನಕ ರೇಖೆ ಸೋರುತ್ತಿದ್ದ 291 ಮರೆಯ ಕ್ವೇಸಾರುಗಳು ಒಂದೇ ಪಟ್ಟಿಯಲ್ಲಿ ಸಿಕ್ಕವು. ಗ್ಯಾಲಕ್ಸಿಗಳೆರಡು ಡಿಕ್ಕಿಯಾದಾಗ ಅನಿಲ, ದೂಳು ನಡುವಿಗೆ ಕುಸಿದು ಕಪ್ಪುಕುಳಿ ಮರೆಯಲ್ಲೇ ಕೊಬ್ಬುತ್ತದೆ, ಆಮೇಲೆ ತನ್ನ ಉರಿಯ ಒತ್ತಡದಿಂದಲೇ ಮರೆಯನ್ನು ಊದಿ ಚೆಲ್ಲಿ ಹೊರಗೆ ಬರುತ್ತದೆ ಎಂಬ ವಾದ 1988ರಿಂದ ಇದೆ. ಅದು ನಿಜವಾದರೆ 3ಸಿ 273ರಂಥವು ಬೇರೆ ಜಾತಿಯಲ್ಲ, ಬೇರೆ ವಯಸ್ಸು. ಕೋನದ ವಾದಕ್ಕೂ ವಯಸ್ಸಿನ ವಾದಕ್ಕೂ ನಡುವೆ ವಿದ್ವಾಂಸರು ಇವತ್ತಿಗೂ ಓಡಾಡುತ್ತಿದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇರಬಹುದೆಂದು ನನ್ನ ಅಂದಾಜು.

ಎರಡು ಗಂಟೆಗೆ ಹುಡುಗರು ಮಾತು ತಿರುಗಿಸಿ ಜೇಮ್ಸ್ ವೆಬ್‌ಗೆ ತಂದರು. 2022ರಿಂದ ಆ ದೂರದರ್ಶಕ ವಿಶ್ವದ ಬಾಲ್ಯದಲ್ಲಿ ಪುಟ್ಟ ಕೆಂಪು ಚುಕ್ಕೆಗಳನ್ನು ನೂರುಗಟ್ಟಲೆ ಕಾಣುತ್ತಿದೆ. ರೋಹಿತದಲ್ಲಿ ಅಗಲವಾದ ರೇಖೆಗಳಿವೆ, ಕಪ್ಪುಕುಳಿಯ ಲಕ್ಷಣ. ಕೆಂಪಾಗಿವೆ, ದೂಳಿನ ಲಕ್ಷಣ. ಇಲ್ಲಿವರೆಗೆ ಎಲ್ಲ ಹಳೆಯ ಪಾಠವೇ. ಆದರೆ ಎಕ್ಸ್‌ಕಿರಣದಲ್ಲಿ ಹೆಚ್ಚಿನವು ಮೌನ, ದೂಳು ಕಾದರೆ ಬರಬೇಕಾದ ಅವಕೆಂಪಿನ ಶಾಖವೂ ಸಾಕಷ್ಟಿಲ್ಲ. ನುಂಗಿದ್ದನ್ನು ಕಕ್ಕದ ಗೂಡು ಇದ್ದೀತೆ? ಹಾಗಾದರೆ ಅವನ್ನು ಕವಿದಿರುವುದು ದೂಳಲ್ಲ, ದಟ್ಟ ಹೈಡ್ರೊಜನ್ ಅನಿಲದ ಹೊದಿಕೆ ಇರಬೇಕು. ಬೆಳಕು ಕೆಂಪಾದದ್ದೂ ಅದರಿಂದಲೇ ಎಂದು ಒಂದು ಪಕ್ಷ ಈಚೆಗೆ ವಾದಿಸುತ್ತಿದೆ. ಇನ್ನೊಂದು ಪಕ್ಷ ಒಪ್ಪಿಲ್ಲ.

ನೋಟ್‌ಬುಕ್ಕಿನಲ್ಲಿ ಬಳೆ, ಶಂಕು, ಕಪ್ಪು ಚುಕ್ಕೆಗಳ ಚಿತ್ರ ಬರೆದು ಬಾಲ್‌ಪೆನ್ನಿನಿಂದ ತಿದ್ದುತ್ತಿದ್ದ ಹುಡುಗಿಯ ಕಡೆ ಮೇಷ್ಟ್ರು ಟಾರ್ಚಿನ ಕೆಂಪು ಬೆಳಕು ಹಿಡಿದು, ಅದನ್ನು ಸದ್ಯಕ್ಕೆ ಪೆನ್ಸಿಲಿನಲ್ಲೇ ಇರಿಸಿಕೋ ಎಂದರು.